ಘಟ್ಟದ ಕೆಳಗಿನ ಮಾತು

"ಗುರುಗಳೇ, ಮಗುವನ್ನು ಯಾರ ಮನೆಯ ಮಗುವಾಗಿ ಬೆಳೆಸಬೇಕು? ತಂದೆಯ ಮನೆಯದಾಗಿಯೋ, ತಾಯಿಯ ಮನೆಯದಾಗಿಯೋ?"

ಹೀಗೆ ಕೇಳಿದವನು ಮುದ್ದಯ್ಯ ಎಂಬ ಶಿಷ್ಯ. ಅವನು ಗೃಹಸ್ಥ. ವಾರಕ್ಕೊಮ್ಮೆ ಗುಡ್ಡ ಹತ್ತಿ ಗುರುಗಳ ಬಳಿಗೆ ಬರುತ್ತಿದ್ದ. ಅವನ ಹೆಂಡತಿ ಬೇರೆ ಸೀಮೆಯವಳು. ಅವಳ ಮಾತು ಬೇರೆ, ಊಟ ಬೇರೆ, ಹಬ್ಬ ಬೇರೆ. ಅವರಿಗೆ ಎರಡೂವರೆ ವರ್ಷದ ಒಬ್ಬ ಮಗಳಿದ್ದಳು.

ಗುರುಗಳು, ನಿನಗೇನು ತೋಚಿದೆಯೋ ಅದನ್ನು ಮೊದಲು ಹೇಳು ಎಂದರು. ಏನೂ ತೋಚದವರು ಇಷ್ಟು ಎತ್ತರ ಹತ್ತಿ ಬರುವುದಿಲ್ಲ, ತೋಚಿದ್ದಕ್ಕೆ ಹೂಂ ಅನ್ನಿಸಿಕೊಂಡು ಹೋಗಲು ಬರುತ್ತಾರೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಮುದ್ದಯ್ಯ ಹೇಳಿದ. ಮಗು ಎರಡು ಮಾತನ್ನೂ ಕಲಸಿ ಆಡುತ್ತಿದೆ. ಅರ್ಧ ವಾಕ್ಯ ಇಲ್ಲಿಯದು, ಅರ್ಧ ಅಲ್ಲಿಯದು. ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರುವುದಿಲ್ಲ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ. ಅದಕ್ಕೆ ಅವನೊಂದು ದಾರಿ ಹುಡುಕಿದ್ದಾನೆ. ಮೊದಲು ತನ್ನ ಕಡೆಯ ಮಾತು, ತನ್ನ ಕಡೆಯ ಆಚಾರ ಗಟ್ಟಿಯಾಗಲಿ, ತಾಯಿಯ ಕಡೆಯದನ್ನು ಮಗು ದೊಡ್ಡದಾದ ಮೇಲೆ ಕಲಿಸಿದರಾಯಿತು. ಹೆಂಡತಿಯೂ ಒಪ್ಪಿದ್ದಾಳೆ. ಎರಡು ತಿಂಗಳಿಂದ ಮನೆಯಲ್ಲಿ ತನ್ನ ಮಾತನ್ನು ಆಡಿಯೇ ಇಲ್ಲ.

"ಬೇಸರಪಟ್ಟುಕೊಂಡಳೇ?" ಎಂದು ಗುರುಗಳು ಕೇಳಿದರು.

"ಇಲ್ಲ ಗುರುಗಳೇ. ಅವಳು ಬಹಳ ಒಳ್ಳೆಯವಳು. ಒಂದು ಮಾತೂ ಎದುರಾಡಲಿಲ್ಲ."

ಗುರುಗಳು, ಒಂದು ಕತೆ ಇದೆ, ಕೇಳುವಷ್ಟು ಪುರುಸೊತ್ತು ಇದೆಯೋ ಎಂದರು. ಮುದ್ದಯ್ಯ ಇದೆ ಎಂದ. ಗುರುಗಳು ಹೇಳತೊಡಗಿದರು.

ಆಗ ಘಟ್ಟಕ್ಕೆ ಗಾಡಿಯ ದಾರಿ ಇರಲಿಲ್ಲ. ಎತ್ತಿನ ಬೆನ್ನಿನ ಮೇಲೆ ಹೇರು ಹಾಕಿಕೊಂಡು ಇಳಿಯುತ್ತಿದ್ದರು. ಮೇಲಿನಿಂದ ರಾಗಿ, ಮೆಣಸಿನಕಾಯಿ ಹೋಗುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು ಬರುತ್ತಿತ್ತು. ಸುಗ್ಗಿ ಮುಗಿಸಿ ಹೊರಟವರು ಮಳೆ ಹಿಡಿಯುವ ಮೊದಲು ಹಿಂದಿರುಗಬೇಕು. ಆ ಎತ್ತುಗಳ ಕೊರಳ ಗಂಟೆ ಅರ್ಧ ಹರಿದಾರಿ ದೂರಕ್ಕೆ ಕೇಳಿಸುತ್ತಿತ್ತು. ಈಗ ಆ ಸದ್ದು ಕೇಳಿದವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದೇವೆ. ನನಗೆ ಆ ದಾರಿಯ ಮೇಲೆ ಇನ್ನೂ ಆಸೆ ಹೋಗಿಲ್ಲ. ಇರಲಿ, ಮುದುಕರಿಗೆ ಹಳೆಯ ದಾರಿ ನೆನಪಾದರೆ ಕತೆ ಮುಂದಕ್ಕೆ ಹೋಗುವುದಿಲ್ಲ.

ಬಯಲುಸೀಮೆಯಲ್ಲಿ ಒಬ್ಬ ಹೇರೆತ್ತಿನವನಿದ್ದ. ಒಂದು ವರ್ಷ ಘಟ್ಟ ಇಳಿದಾಗ ಅವನ ನೀರಿನ ಮಡಕೆ ಒಡೆಯಿತು. ಹೊಸದನ್ನು ಕೊಳ್ಳಲು ಅಲ್ಲಿನ ಒಬ್ಬ ಕುಂಬಾರನ ಮನೆಗೆ ಹೋದ. ಅಂಗಳದಲ್ಲಿ ಕುಂಬಾರನ ಮಗಳು ಹಸಿ ಮಡಕೆ ತಟ್ಟುತ್ತಿದ್ದಳು. ಇವನು ಕನ್ನಡದಲ್ಲಿ, ಯಜಮಾನರು ಇದ್ದಾರೆಯೇ ಎಂದು ಕೇಳಿದ. ಅವಳು ತುಳುವಿನಲ್ಲಿ, "ಇಲ್ಲಡ್ ಉಲ್ಲೆರ್" ಎಂದಳು. ಅವರ ಮಾತಿನಲ್ಲಿ ಇಲ್ಲ್ ಎಂದರೆ ಮನೆ. ಮನೆಯಲ್ಲಿದ್ದಾರೆ ಎಂದು ಅವಳು ಹೇಳಿದ್ದು. ಇವನ ಕಿವಿಗೆ ಬಿದ್ದದ್ದು 'ಇಲ್ಲ' ಎಂಬುದೊಂದೇ. ಎತ್ತು ತಿರುಗಿಸಿಕೊಂಡು ಹೊರಟುಹೋದ. ಮರುದಿನ ಬಂದ. ಅದೇ ಪ್ರಶ್ನೆ, ಅದೇ ಉತ್ತರ. ಮತ್ತೆ ಹೊರಟುಹೋದ. ಮೂರನೆಯ ದಿನ ಕುಂಬಾರನಿಗೇ ತಡೆಯಲಾಗಲಿಲ್ಲ. ನಾನು ಇದ್ದೇನೆ ಎಂದರೆ ಸಾಕು, ಹೆದರಿ ಓಡುವ ಈ ಗಿರಾಕಿ ಯಾರು ನೋಡೋಣ ಎಂದು ಹೊರಗೆ ಬಂದ. ಅವನಿಗೆ ಎರಡೂ ಮಾತು ಬರುತ್ತಿತ್ತು. ವಿಷಯ ತಿಳಿದ ಮೇಲೆ ಆ ಹುಡುಗಿ ತಟ್ಟುವ ಹಲಗೆ ಕೆಳಗಿಟ್ಟು ನಕ್ಕಳು. ಹೇರೆತ್ತಿನವನೂ ನಕ್ಕ. ಪಾಪ, ಮೂರು ದಿನ ಬೊಗಸೆಯಲ್ಲೇ ನೀರು ಕುಡಿದಿದ್ದ.

ಮುಂದಿನ ಎರಡು ವರ್ಷ ಅವನ ಮಡಕೆ ಪದೇ ಪದೇ ಒಡೆಯಿತು. ತುಳುವನ್ನು ಚೂರುಚೂರು ಕಲಿತ. ಕಲಿತ ಮೇಲೂ ಬೇಕೆಂದೇ ತಪ್ಪು ಮಾತಾಡುತ್ತಿದ್ದ, ಅವಳು ನಗಲಿ ಎಂದು. ಮೂರನೆಯ ವರ್ಷ ಮದುವೆಯಾಯಿತು. ಎರಡೂ ಕಡೆಯವರಿಗೆ ಹಿಡಿಸಲಿಲ್ಲ. ಘಟ್ಟ ಹತ್ತಿದ ಉಪ್ಪು ತಿರುಗಿ ಬಂದೀತೇ ಎಂದು ಅವಳ ಅಣ್ಣ ಮುಖ ತಿರುಗಿಸಿದ. ಮೀನು ತಿನ್ನುವವಳ ಕೈಯ ನೀರು ಕುಡಿಯುವುದು ಹೇಗೆ ಎಂದು ಇವನ ತಾಯಿ ಮೂಗು ಮುರಿದಳು. ಸೊಸೆ ಬಂದ ಎಂಟನೆಯ ದಿನಕ್ಕೆ ನೀರೂ ಕುಡಿದಳು, ಅವಳು ಮಾಡಿದ ಸಾರನ್ನೂ ಎರಡು ಸಲ ಬಡಿಸಿಕೊಂಡಳು. ಅತ್ತೆಯರ ಪ್ರತಿಜ್ಞೆ ಎಲ್ಲ ಕಡೆಯೂ ಅಷ್ಟೇ.

ವರ್ಷ ಕಳೆದ ಮೇಲೆ ಹೆಣ್ಣು ಮಗು ಹುಟ್ಟಿತು. ಸುದ್ದಿ ಕೇಳಿ ಮುನಿಸಿಕೊಂಡಿದ್ದ ಅಣ್ಣ ಹುಲ್ಲಿನಲ್ಲಿ ಕಟ್ಟಿದ ಕುಚ್ಚಲಕ್ಕಿಯ ಮುಡಿ ಹೊತ್ತು ಘಟ್ಟ ಹತ್ತಿ ಬಂದ. ಮಗುವನ್ನು ಎತ್ತಿಕೊಂಡು, ನಮ್ಮ ಮನೆಗೆ ಹೆಣ್ಣು ಹುಟ್ಟಿತು ಎಂದ. ಅವರ ಕಡೆ ಅಳಿಯಕಟ್ಟು. ಮಗು ತಾಯಿಯ ಮನೆಗೆ ಸೇರಿದ್ದು, ತಾಯಿಯ ಕುಲವೇ ಅದರ ಕುಲ. ಹೇರೆತ್ತಿನವನ ತಾಯಿಗೆ, ಅಂದರೆ ಮಗುವಿನ ಅಜ್ಜಿಗೆ, ಹೆದರಿಕೆಯಾಯಿತು. ಇವಳ ಕಡೆ ಮಗು ತಂದೆಯ ಮನೆಯದು. ಅವನು ಮಗುವನ್ನು ಹೊತ್ತುಕೊಂಡು ಹೋಗಿಬಿಟ್ಟರೆ ಗತಿಯೇನು ಎಂದು, ಅವನು ಇದ್ದ ಅಷ್ಟು ದಿನವೂ ತೊಟ್ಟಿಲು ಬಿಟ್ಟು ಕದಲಲಿಲ್ಲ.

ಮುದ್ದಯ್ಯ, ಇಲ್ಲಿ ಒಂದು ಗಳಿಗೆ ನಿಂತು ನೋಡು. ಗಂಡು ಕರಾವಳಿಯವನಾಗಿ, ಹೆಣ್ಣು ಬಯಲುಸೀಮೆಯವಳಾಗಿದ್ದರೆ ಏನಾಗುತ್ತಿತ್ತು? ಇದು ತಾಯಿಯ ಮನೆಯದು ಎಂದು ಅವರು ಕೈಬಿಡುತ್ತಿದ್ದರು. ಇದು ತಂದೆಯ ಮನೆಯದು ಎಂದು ಇವರು ಕೈಬಿಡುತ್ತಿದ್ದರು. ಈ ಮಗುವಾದರೋ ಅವರ ಕಟ್ಟಳೆಯಂತೆ ಅವರದು, ಇವರ ಕಟ್ಟಳೆಯಂತೆ ಇವರದು. ಎರಡು ಮನೆಗೂ ಪೂರ್ತಿ ಸೇರಿದ್ದು. ಲಕ್ಷಕ್ಕೊಂದು ಮಗುವಿಗೆ ಸಿಗುವ ಭಾಗ್ಯ ಅದು. ಅದನ್ನು ಎರಡೂ ಮನೆಯವರು ವ್ಯಾಜ್ಯ ಎಂದುಕೊಂಡರು.

ಮೊದಲ ನಾಲ್ಕು ವರ್ಷ ಆ ಮನೆ ಚೆನ್ನಾಗಿತ್ತು. ಭೀಮನ ಅಮಾವಾಸ್ಯೆಯ ದಿನ ಇಲ್ಲಿ ಕಡುಬು ಮಾಡುತ್ತಾರೆ. ಕೆಳಗೆ ಅದೇ ದಿನ ಆಟಿ ಅಮಾವಾಸ್ಯೆ. ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ, ಬೇವಿಗಿಂತ ಕಹಿ. ತೊಗಟೆ ಹಸಿಯದೇ ಆಗಿರಬೇಕು ಎಂಬುದು ಕ್ರಮ. ಗಂಡ ಬೇಸಿಗೆಯಲ್ಲಿ ತಂದು ಒಣಗಿಸಿಟ್ಟದ್ದರಲ್ಲೇ ಅವಳು ತೃಪ್ತಿಪಟ್ಟುಕೊಂಡಳು. ಮಗು ಮೊದಲು ಕಹಿ ಕುಡಿದು ಮುಖ ಕಿವುಚುತ್ತಿತ್ತು, ಆಮೇಲೆ ಅಜ್ಜಿಯ ತೊಡೆಯ ಮೇಲೆ ಕೂತು ಕಡುಬು ತಿನ್ನುತ್ತಿತ್ತು. ಅದಕ್ಕೆ ಏನೂ ಗೊಂದಲವಿರಲಿಲ್ಲ. ಅಜ್ಜಿಯ ಹತ್ತಿರ ಕನ್ನಡ, ತಾಯಿಯ ಹತ್ತಿರ ತುಳು, ತಂದೆಯ ಹತ್ತಿರ ಬಾಯಿಗೆ ಬಂದದ್ದು. ಗೊಂದಲ ದೊಡ್ಡವರಿಗೆ ಬರುವ ಕಾಯಿಲೆ.

ಆ ಕಾಯಿಲೆ ಅವರಿಗೆ ಬಂದದ್ದು ಒಂದು ಸಂತೆಯ ದಿನ. ಕತೆ ತಿಳಿಯಬೇಕಾದರೆ ನಿನಗೆ ಒಂದು ವಿಷಯ ಗೊತ್ತಿರಬೇಕು. ತುಳುವಿನಲ್ಲಿ ತಾಯಿಯನ್ನು ಅಪ್ಪೆ ಎನ್ನುತ್ತಾರೆ, ತಂದೆಯನ್ನು ಅಮ್ಮೆ ಎನ್ನುತ್ತಾರೆ. ನಗಬೇಡ. ಅವರ ಕಿವಿಗೆ ನಾವೇ ತಲೆಕೆಳಗು.

ಸಂತೆಯ ಜನಜಂಗುಳಿಯಲ್ಲಿ ಮಗುವಿನ ಕೈ ತಾಯಿಯ ಕೈಯಿಂದ ಜಾರಿತು. ಮಗು ಬಳೆಗಾರನ ಮಲಾರದ ಹತ್ತಿರ ನಿಂತು, ಅಪ್ಪೆ, ಅಪ್ಪೆ ಎಂದು ಅತ್ತಿತು. ಜನ ಸೇರಿದರು. ಅಪ್ಪನನ್ನು ಹುಡುಕುತ್ತಿದೆ ಎಂದುಕೊಂಡ ಬಳೆಗಾರ, ನಿಮ್ಮಪ್ಪ ಹೇಗಿದ್ದಾನೆ ಪುಟ್ಟಿ, ಗುರುತು ಹೇಳು ಎಂದ. ಮಗು ಬಿಕ್ಕುತ್ತಲೇ ಸ್ಪಷ್ಟವಾಗಿ ಹೇಳಿತು. "ಹಸಿರು ಸೀರೆ ಉಟ್ಟಿದೆ. ಮೂಗುಬೊಟ್ಟು ಇಟ್ಟಿದೆ."

ಇಡೀ ಸಂತೆ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಹೇರೆತ್ತಿನವನು ಓಡಿಬಂದ. ಮಗು ಅವನನ್ನು ಕಂಡು, ಅಮ್ಮೆ ಎಂದು ಕೈ ಚಾಚಿತು. ಇನ್ನು ಕೇಳಬೇಕೇ? ಯಾರೋ ಒಬ್ಬ, ಇವರ ಮನೆಯಲ್ಲಿ ಮೀಸೆ ಯಾರಿಗಿದೆಯೋ ಎಂದ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಅವನು ಮಗುವನ್ನು ಎತ್ತಿಕೊಂಡು ತಲೆ ತಗ್ಗಿಸಿ ಮನೆಗೆ ಬಂದ.

ಅವನು ಕೆಟ್ಟವನಲ್ಲ. ಜನ ತನ್ನನ್ನು ನೋಡಿ ನಕ್ಕದ್ದನ್ನು ಅವನು ಮರೆಯುತ್ತಿದ್ದನೋ ಏನೋ. ಮಗು ಅಳುತ್ತಿದ್ದಾಗ ನಕ್ಕರಲ್ಲ, ಅದು ಅವನನ್ನು ಚುಚ್ಚಿತು. ನಾಳೆ ಇವಳು ದೊಡ್ಡವಳಾಗಿ ಬಾವಿಕಟ್ಟೆಗೆ ಹೋದರೂ ನಗುತ್ತಾರೆ, ಮದುವೆಯ ಮಾತು ಬಂದಾಗಲೂ ನಗುತ್ತಾರೆ ಎಂದು ಹೆದರಿದ. ಹಗಲಿನ್ನೂ ಇಳಿದಿರಲಿಲ್ಲ, ಹೆಂಡತಿಯನ್ನು ಕರೆದು ಹೇಳಿದ.

"ಇವತ್ತಿಂದ ಮಗು ಮುಂದೆ ನಿನ್ನ ಮಾತು ಬೇಡ. ದೊಡ್ಡವಳಾದ ಮೇಲೆ ಕಲಿಸಿದರಾಯ್ತು."

ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ಬೈಯೋದಕ್ಕೂ ಬೇಡ್ವಾ?"

"ಬೈಯೋದಕ್ಕೂ ಬೇಡ."

ಆಗಲಿ ಎಂದಳು. ಮಗುವಿಗೆ ಒಳ್ಳೆಯದಾಗುತ್ತದೆ ಎಂದರೆ ಯಾವ ತಾಯಿ ಆಗದು ಎನ್ನುತ್ತಾಳೆ? ಎದುರಾಡದಿದ್ದವಳಿಗೆ ನೋವಾಗಿಲ್ಲ ಎಂದು ಅವನು ತಿಳಿದುಕೊಂಡ. ನಾವು ಗಂಡಸರು ಆ ವಿಷಯದಲ್ಲಿ ಬಹಳ ಬೇಗ ತೃಪ್ತರಾಗುತ್ತೇವೆ.

ಅವಳು ಕೊಟ್ಟ ಮಾತು ಉಳಿಸಿಕೊಂಡಳು. ಕನ್ನಡದಲ್ಲೇ ಕರೆದಳು, ಕನ್ನಡದಲ್ಲೇ ಬೈದಳು. ಅವಳ ಕನ್ನಡ ಕಲ್ಲುದಾರಿಯಲ್ಲಿ ಬರಿಗಾಲಲ್ಲಿ ನಡೆದಂತೆ ಇತ್ತು. ಒಂದೊಂದು ಪದವನ್ನೂ ನೋಡಿ ನೋಡಿ ಇಡಬೇಕು. ಜೋಗುಳ ನಿಂತಿತು. ಕನ್ನಡದ ಜೋಗುಳ ಅವಳಿಗೆ ಬರುತ್ತಿರಲಿಲ್ಲ, ತುಳುವಿನದು ಹಾಡುವಂತಿರಲಿಲ್ಲ. ಕಹಿ ಕಷಾಯವೂ ನಿಂತಿತು. ಗಂಡನೂ ಅವಳ ಜೊತೆ ತುಳು ಆಡುವುದನ್ನು ಬಿಟ್ಟ, ಮಗುವಿನ ಕಿವಿಗೆ ಬಿದ್ದೀತು ಎಂದು. ಯಾವ ಮಾತಿನಲ್ಲಿ ಅವರಿಬ್ಬರೂ ಮೊದಲ ಸಲ ನಕ್ಕಿದ್ದರೋ ಆ ಮಾತು ಆ ಮನೆಯಿಂದ ಹೋಯಿತು. ಅದರ ಜೊತೆ ಆ ನಗುವೂ ಹೋಯಿತು. ಜಗಳವೇನೂ ಇರಲಿಲ್ಲ. ಒಳ್ಳೆಯ ಸಂಸಾರ ಎಂದು ಊರು ಹೊಗಳಿತು.

ಮಗಳು ಬೆಳೆದಳು. ಒಳ್ಳೆಯ ಕನ್ನಡ ಆಡಿದಳು. ಸಂತೆಯಲ್ಲಿ ಯಾರೂ ನಗಲಿಲ್ಲ. ಹತ್ತು ವರ್ಷದವಳಾದಾಗ ತಾಯಿಯ ಕನ್ನಡವನ್ನು ತಿದ್ದತೊಡಗಿದಳು. ಗೆಳತಿಯರು ಬಂದಾಗ, ಅಮ್ಮ ನೀನು ಸುಮ್ಮನಿರು, ನಾನು ಹೇಳುತ್ತೇನೆ ಎನ್ನುತ್ತಿದ್ದಳು. ತಾಯಿ ಸುಮ್ಮನಿರುತ್ತಿದ್ದಳು. ರಾಗಿ ಬೀಸುವಾಗ ಮಾತ್ರ ಅವಳ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಳೋ, ಬೀಸುಕಲ್ಲಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಏನಮ್ಮ ಅದು ಎಂದು ಒಮ್ಮೆ ಮಗಳು ಕೇಳಿದ್ದಕ್ಕೆ, ಏನಿಲ್ಲ, ಬಾಯಿ ಒಣಗಿತ್ತು ಎಂದಳಂತೆ.

ದೊಡ್ಡವಳಾದ ಮೇಲೆ ಕಲಿಸುವ ಮಾತು ಏನಾಯಿತು ಎನ್ನುತ್ತೀಯೋ? ದೊಡ್ಡವಳಾದ ಮೇಲೆ ಅವಳಿಗೆ ಬೇಕಾಗಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ತಂದೆಯೂ ನೆನಪಿಸಲಿಲ್ಲ. ಇಷ್ಟು ವರ್ಷ ಸರಿಯಾಗಿ ನಡೆದಿದೆ, ಈಗ ಯಾಕೆ ಕಲಕುವುದು ಎಂದುಕೊಂಡ. ಅಜ್ಜಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಸಾಯುವ ಮುಂಚೆ, ಸೊಸೆ ಆ ಕಹಿ ಕಷಾಯ ಯಾಕೆ ಮಾಡುವುದಿಲ್ಲ ಈಗ ಎಂದು ಕೇಳಿದ್ದಳಂತೆ.

ಮಗಳಿಗೆ ಹದಿನೇಳು ತುಂಬಿತ್ತು. ಆ ವರ್ಷ ತಂದೆ ಉಪ್ಪಿಗಾಗಿ ಘಟ್ಟ ಇಳಿದಿದ್ದಾಗ ತಾಯಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಜ್ವರ ನೆತ್ತಿಗೇರಿತು. ಮಗಳು ಬಾಗಿಲ ಬಳಿ ಕೂತು ಹಣೆಗೆ ಹಾಕುವ ಬಟ್ಟೆಯನ್ನು ನೀರಿನಲ್ಲಿ ಅದ್ದುತ್ತಿದ್ದಳು. ತಾಯಿ ಕಣ್ಣು ತೆರೆದು ಅವಳನ್ನು ನೋಡಿದಳು. ಹದಿಮೂರು ವರ್ಷ ಉಳಿಸಿಕೊಂಡಿದ್ದ ಮಾತು ಆ ಹೊತ್ತಿಗೆ ಅವಳ ಕೈಮೀರಿತ್ತು.

"ಬಲ, ಮಗಾ. ಬಲ" ಎಂದಳು.

ಮಗಳಿಗೆ ತಿಳಿಯಿತು. ಅಮ್ಮನಿಗೆ ಬಲ ಉಡುಗಿದೆ, ಬಲ ಬೇಕು ಎನ್ನುತ್ತಿದ್ದಾಳೆ. ತರ್ತೀನಿ ಅಮ್ಮ ಎಂದು ಹೇಳಿ ಪಕ್ಕದ ಮನೆಗೆ ಓಡಿದಳು. ಹಾಲು ತಂದಳು. ಒಲೆ ಹೊತ್ತಿಸಿ ರಾಗಿ ಗಂಜಿಗೆ ಇಟ್ಟಳು. ಒಳಗಿನಿಂದ ತಾಯಿ ಇನ್ನೂ ಎರಡು ಸಲ ಬಲ, ಬಲ ಎಂದದ್ದು ಕೇಳಿಸಿತು. ಆಯ್ತಮ್ಮ, ಆಯ್ತು ಎನ್ನುತ್ತ ಇನ್ನೂ ಜೋರಾಗಿ ಒಲೆ ಊದಿದಳು. ಗಂಜಿ ಆರಿಸಿ ಬಟ್ಟಲು ಹಿಡಿದು ಬರುವಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದಳು. ಒಂದು ಕೈ ಬಾಗಿಲ ಕಡೆಗೆ ಚಾಚಿತ್ತು.

ನಾಲ್ಕು ದಿನದ ಮೇಲೆ ತಂದೆ ಬಂದ. ಎತ್ತಿನ ಹೇರು ಇಳಿಸುವ ಮೊದಲೇ ವಿಷಯ ತಿಳಿಯಿತು. ಅತ್ತು ಮುಗಿದ ಮೇಲೆ, ಕೊನೆಗೆ ಏನಾದರೂ ಹೇಳಿದಳೇ ಎಂದು ಮಗಳನ್ನು ಕೇಳಿದ. ಮಗಳು ಹೇಳಿದಳು. "ಬಲ ಬೇಕು ಅಂದಳಪ್ಪ. ಬಲ, ಬಲ ಅಂತ ಕೇಳಿದಳು. ನಾನು ತಡ ಮಾಡಲಿಲ್ಲ, ಓಡಿಹೋಗಿ ಗಂಜಿ ಮಾಡಿದೆ. ಕುಡಿಯೋ ಯೋಗ ಇರಲಿಲ್ಲ."

ಅವನು ಕೂತಲ್ಲೇ ಕೂತ. ಆ ಊರಿನಲ್ಲಿ ಆ ಮಾತು ತಿಳಿದವನು ಅವನೊಬ್ಬನೇ. ತುಳುವಿನಲ್ಲಿ ಬಲ ಎಂದರೆ ಬಾ.

ಬಾ, ಮಗು, ಬಾ ಎಂದು ತಾಯಿ ಕರೆದಿದ್ದಳು. ಮಗಳು ಎದ್ದು ಹೊರಗೆ ಓಡಿದ್ದಳು. ಅವಳು ಇನ್ನೂ ಕೂಗಿ ಕರೆದಿದ್ದಳು. ಇವಳು ಇನ್ನೂ ಜೋರಾಗಿ ಒಲೆ ಊದಿದ್ದಳು.

ಗುರುಗಳು ಇಲ್ಲಿ ನಿಲ್ಲಿಸಿದರು. ಮುದ್ದಯ್ಯ ಕೇಳಿದ. "ಹೇಳಿದನೇ ಗುರುಗಳೇ, ಮಗಳಿಗೆ?"

"ನೀನಾಗಿದ್ದರೆ ಹೇಳುತ್ತಿದ್ದೆಯಾ?"

ಗುರುಗಳು ಮುಂದುವರಿಸಿದರು.

ಹೇಳಬೇಕೋ ಬೇಡವೋ ಎಂಬುದು ಹೇರೆತ್ತಿನವನಿಗೆ ಬಗೆಹರಿಯಲಿಲ್ಲ. ಆ ಹುಡುಗಿಗೆ ಉಳಿದಿದ್ದ ಸಮಾಧಾನ ಒಂದೇ, ಅಮ್ಮ ಕೇಳಿದ್ದನ್ನು ಮಾಡಿದೆ ಎಂಬುದು. ನಿಜ ಹೇಳಿದರೆ ಅದನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ, ಹೆಂಡತಿಯ ಕೊನೆಯ ಮಾತನ್ನೂ ತಾನೇ ತಡೆದು ಇಟ್ಟುಕೊಂಡಂತೆ. ಬದುಕಿದ್ದಾಗ ತಡೆದದ್ದು ಸಾಲದೇ? ಎರಡು ವರ್ಷ ಹೀಗೆಯೇ ಬೆಂದ. ಎತ್ತುಗಳನ್ನು ಬೇರೆಯವರಿಗೆ ಒಪ್ಪಿಸಿ ಘಟ್ಟ ಇಳಿಯುವುದನ್ನೇ ಬಿಟ್ಟ. ಗಂಟೆಯ ಸದ್ದು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತೆ ಫಲ ನೋಡಿಕೊಂಡು ಬರುತ್ತದೆಯೇ?

ಮಗಳಿಗೆ ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಾಯಿ ಇಲ್ಲದ ತವರು. ಒಂದು ಬೆಳಿಗ್ಗೆ, ತಾಯಿ ಬೀಸುತ್ತಿದ್ದ ಕಲ್ಲಿನ ಮುಂದೆ ಕೂತು ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಅಪ್ಪಾ, ಅಮ್ಮ ಬೀಸುವಾಗ ತುಟಿ ಆಡಿಸುತ್ತಿದ್ದಳಲ್ಲ, ಏನು ಹೇಳುತ್ತಿದ್ದಳು? ನನ್ನ ಮಗುವಿಗೆ ಹಾಡಲು ನನಗೆ ಅಮ್ಮನದು ಒಂದೂ ಗೊತ್ತಿಲ್ಲ.

ಅಷ್ಟು ಕೇಳಿದ್ದೇ ಸಾಕಾಯಿತು. ಅವನು ಎಲ್ಲವನ್ನೂ ಹೇಳಿದ. ಸಂತೆಯ ದಿನದಿಂದ ಹಿಡಿದು ಕೊನೆಯ ಮಾತಿನ ಅರ್ಥದವರೆಗೆ ಹೇಳಿದ. ತಪ್ಪು ನನ್ನದು, ನಿನ್ನದಲ್ಲ ಎಂದ. ಹೇಳಿ ಮುಗಿಸಿ ಮಗಳ ಮುಖ ನೋಡಲು ಧೈರ್ಯವಾಗದೆ ನೆಲ ನೋಡುತ್ತ ಕೂತ.

ಮಗಳು ಬಹಳ ಹೊತ್ತು ಅತ್ತಳು. ತಂದೆಯನ್ನು ಬೈಯಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಇನ್ನೊಂದು ಮಾತು ಹೇಳಿಕೊಡಪ್ಪ" ಎಂದಳು.

ಅವನು ತನಗೆ ತಿಳಿದದ್ದನ್ನು ಹುಡುಕಿ ಹುಡುಕಿ ಹೇಳಿಕೊಟ್ಟ. ಮೀನಿಗೆ ಏನೆನ್ನುತ್ತಾರೆ, ಅನ್ನಕ್ಕೆ ಏನೆನ್ನುತ್ತಾರೆ, ಬಹಳ ದೂರ ಎನ್ನುವುದು ಹೇಗೆ, ಇದು ಒಳ್ಳೆಯದು ಎನ್ನುವುದು ಹೇಗೆ. ಮೂರು ದಿನದಲ್ಲಿ ಮುಗಿಯಿತು. ದಾರಿಯಲ್ಲಿ ಓಡಾಡುವವನ ಮಾತು ಅಷ್ಟೇ ಇರುತ್ತದೆ. ಮಗುವನ್ನು ಮಲಗಿಸುವ ಮಾತು, ಮುದ್ದಿಸುವ ಮಾತು, ಹಠ ಮಾಡಿದರೆ ಗದರುವ ಮಾತು ಒಂದೂ ಅವನಿಗೆ ಗೊತ್ತಿರಲಿಲ್ಲ. ಅದೆಲ್ಲ ಅವಳ ಹತ್ತಿರ ಇತ್ತು.

ಹೆರಿಗೆಯಾಯಿತು. ಹೆಣ್ಣು ಮಗು. ಮಗುವಿಗೆ ವರ್ಷ ತುಂಬಿದ ಮೇಲೆ, ಅಳಿಯನ ಒಪ್ಪಿಗೆ ಪಡೆದು, ತಂದೆ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಘಟ್ಟ ಇಳಿದ. ಎತ್ತುಗಳಿಲ್ಲದೆ ಅವನು ಆ ದಾರಿ ಇಳಿದದ್ದು ಅದೇ ಮೊದಲು. ಇಲ್ಲಿ ನಾವು ಅನ್ನ ಬೇಯಿಸುತ್ತಿದ್ದೆವು, ಇಲ್ಲಿ ನಿಮ್ಮಮ್ಮ ಮೊದಲ ಸಲ ಚಳಿ ಎಂದು ನನ್ನ ಕಂಬಳಿ ಹೊದ್ದಳು ಎಂದು ಉದ್ದಕ್ಕೂ ತೋರಿಸುತ್ತ ನಡೆದ. ಅವಳು ಹತ್ತಿ ಬಂದ ದಾರಿಯನ್ನು ಮಗಳು ಇಳಿದಳು.

ಕುಂಬಾರನ ಮನೆಯಲ್ಲಿ ಅಣ್ಣ ಇರಲಿಲ್ಲ, ಕಾಲವಾಗಿದ್ದ. ತಾಯಿಯ ಅಕ್ಕ ಇದ್ದಳು. ಕಣ್ಣು ಮಂಜಾಗಿತ್ತು. ಅಂಗಳದಲ್ಲಿ ಯಾರೋ ನಿಂತಿದ್ದಾರೆ ಎಂದು ಹೊರಗೆ ಬಂದು, ಹೆಂಗಸಿನ ನೆರಳು, ಕಂಕುಳಲ್ಲಿ ಮಗು ಇಷ್ಟನ್ನು ಕಂಡಳು. ಯಾರೆಂದು ಕೇಳಲೂ ಇಲ್ಲ. ಬಂದವರನ್ನು ಒಳಗೆ ಕರೆಯುವ ಹಾಗೆ ಕೈಚಾಚಿ, "ಬಲ ಮಗಾ, ಬಲ" ಎಂದಳು.

ತಂದೆ ಪಕ್ಕದಲ್ಲೇ ನಿಂತಿದ್ದ, ಅರ್ಥ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಮಗಳು ಹೆಜ್ಜೆ ಕಿತ್ತಿಟ್ಟು ಆ ಕೈಯ ಹತ್ತಿರಕ್ಕೆ ಹೋದಳು.

ಯಾರು ಎಂದು ತಿಳಿದ ಮೇಲೆ ದೊಡ್ಡಮ್ಮ ಅತ್ತಳು, ಅವಳ ಮೈಯೆಲ್ಲ ಸವರಿದಳು, ತಂಗಿಯ ಕಿವಿಯೇ ಇದು ಎಂದಳು. ಆಮೇಲೆ ಹೇರೆತ್ತಿನವನ ಕಡೆ ತಿರುಗಿದಳು. ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ. ಅವಳು ತಮ್ಮ ಕಡೆಯ ಕಟ್ಟಳೆಯಂತೆ ಮಾತಾಡಿದಳು. ನಮ್ಮ ಮನೆಯ ಮಗಳನ್ನು ಇಷ್ಟು ವರ್ಷ ಸಾಕಿ ದೊಡ್ಡವಳನ್ನಾಗಿ ಮಾಡಿ ತಂದಿರಿ, ನಿಮ್ಮ ಉಪಕಾರ ದೊಡ್ಡದು ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗದೆ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತ.

ಮಗಳು ಆ ಮನೆಯಲ್ಲಿ ನಾಲ್ಕು ತಿಂಗಳಿದ್ದಳು. ತಾಯಿ ಮಗು ಇಬ್ಬರೂ ಒಟ್ಟಿಗೇ ಮಾತು ಕಲಿತರು. ಮಗು ಬೇಗ ಕಲಿಯಿತು. ತಾಯಿಗೆ ನಿಧಾನವಾಯಿತು, ತಪ್ಪಾಯಿತು, ಮನೆಯವರು ನಕ್ಕರು, ಅವಳೂ ನಕ್ಕಳು. ದೊಡ್ಡಮ್ಮ ಹಾಡಿದ ಜೋಗುಳ ಕೇಳಿದ ದಿನ ಮಾತ್ರ ಅವಳು ನಗಲಿಲ್ಲ. ಬೀಸುಕಲ್ಲಿನ ಮುಂದೆ ಆಡುತ್ತಿದ್ದ ಅಮ್ಮನ ತುಟಿ ಅದೇ ಲಯದಲ್ಲಿ ಆಡುತ್ತಿತ್ತು ಎಂದು ಅವಳಿಗೆ ಅನ್ನಿಸಿತಂತೆ. ಇರಬಹುದು, ಇಲ್ಲದಿರಬಹುದು. ಕೇಳೋಣ ಎಂದರೆ ಹೇಳುವವಳು ಇರಲಿಲ್ಲ. ಮುದುಕಿಯಾದ ಮೇಲೆ ಆ ಮಗಳೇ ನನಗೆ ಈ ಕತೆಯನ್ನು ಹೇಳಿದಳು. ಕನ್ನಡದಲ್ಲಿ ಶುರುಮಾಡಿದಳು, ತಾಯಿಯ ವಿಷಯ ಬಂದಾಗಲೆಲ್ಲ ತುಳುವಿಗೆ ಹೊರಳಿದಳು. ಅರ್ಧ ವಾಕ್ಯ ಇಲ್ಲಿಯದು, ಅರ್ಧ ಅಲ್ಲಿಯದು. ಅಷ್ಟು ಸ್ಪಷ್ಟವಾಗಿ ಮಾತಾಡಿದವರನ್ನು ನಾನು ಮತ್ತೆ ಕಂಡಿಲ್ಲ.

ಗುರುಗಳು ಕತೆ ಮುಗಿಸಿದರು.

ಮುದ್ದಯ್ಯ ಕಣ್ಣೊರೆಸಿಕೊಂಡ. ಅವನ ಮನಸ್ಸು ಹಗುರವಾಗಿತ್ತು. ತನಗೆ ಇನ್ನೂ ಹೊತ್ತು ಮೀರಿಲ್ಲ, ಎರಡೇ ತಿಂಗಳಾಗಿದೆ ಎಂದು ಸಮಾಧಾನಪಟ್ಟುಕೊಂಡ. ಕೈಮುಗಿದು ಎದ್ದು ನಿಂತು, ಇವತ್ತೇ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತೇನೆ, ಮಗುವಿನ ಜೊತೆ ನಿನ್ನ ಮಾತನ್ನೇ ಆಡು ಎಂದು ಅಪ್ಪಣೆ ಕೊಡುತ್ತೇನೆ, ಮಗು ಎರಡೂ ಮನೆಯದಾಗಿ ಬೆಳೆಯಲಿ ಎಂದ. ಹೊರಡಲು ಮೆಟ್ಟು ಹಾಕಿಕೊಂಡ.

"ಮುದ್ದಯ್ಯ, ನಿನ್ನ ಹೆಂಡತಿಯ ಮಾತಿನಲ್ಲಿ 'ಬಾ' ಎನ್ನುವುದಕ್ಕೆ ಏನೆನ್ನುತ್ತಾರೆ?"

ಮುದ್ದಯ್ಯ ತಲೆ ತಗ್ಗಿಸಿದ. ಅವನಿಗೆ ಗೊತ್ತಿರಲಿಲ್ಲ.